ಎದೆನೋವೇ ಬಂದಿಲ್ಲ, ಇಸಿಜಿಯಲ್ಲಿ ಮಾತ್ರ ‘ಹಳೆಯ ಹಾರ್ಟ್ ಅಟ್ಯಾಕ್’: ಸಕ್ಕರೆ ಕಾಯಿಲೆಯವರ ಸದ್ದಿಲ್ಲದ ಹೃದ್ರೋಗ

ಪ್ರಶ್ನೆ: ನನಗೆ 57 ವರ್ಷ. ದಾವಣಗೆರೆ ಹತ್ತಿರದ ಊರಿನಲ್ಲಿ ಕಿರಾಣಿ ಅಂಗಡಿ ಇದೆ. ಶುಗರ್ ಬಂದು 14 ವರ್ಷವಾಯಿತು. ಕಣ್ಣಿನ ಪೊರೆ ಆಪರೇಷನ್‌ಗೆಂದು ಹೋದಾಗ ಇಸಿಜಿ ಮಾಡಿದರು. ಅದರಲ್ಲಿ ‘ಓಲ್ಡ್ ಇನ್‌ಫೀರಿಯರ್ ವಾಲ್ ಎಂಐ’ ಎಂದು ಬಂದಿದೆ. ನನಗೆ ಒಂದು ದಿನವೂ ಎದೆನೋವು ಬಂದದ್ದಿಲ್ಲ. ಬೇರೆ ಏನೂ ತೊಂದರೆ ಇಲ್ಲ; ಮೆಟ್ಟಿಲು ಹತ್ತಿದರೆ ಸ್ವಲ್ಪ ಏದುಸಿರು, ಪಾದಗಳಲ್ಲಿ ಜೋಮು, ಅಷ್ಟೆ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 8.4, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 118, ಬಿಪಿ 146/84, ನಾಡಿ 98. ಮೆಟ್‌ಫಾರ್ಮಿನ್ 1000 ಎರಡು ಹೊತ್ತು, ಗ್ಲಿಮೆಪಿರೈಡ್ 2, ಟೆಲ್ಮಿಸಾರ್ಟಾನ್ 40 ತೆಗೆದುಕೊಳ್ಳುತ್ತೇನೆ. ‘ಸುಮ್ಮನೆ ಕಾಯಬೇಡ, ಆಂಜಿಯೋಗ್ರಾಂ ಮಾಡಿಸಿ ಸ್ಟೆಂಟ್ ಹಾಕಿಸಿಬಿಡು’ ಎನ್ನುತ್ತಾರೆ ಭಾವ. ಬೆಳ್ಳುಳ್ಳಿ, ಶುಂಠಿ, ನಿಂಬೆ ರಸದ ಕಷಾಯದಿಂದ ಬ್ಲಾಕ್ ಕರಗುತ್ತದೆ ಎನ್ನುತ್ತಾನೆ ಮಗ. ನಮ್ಮ ಮನೆಯವರಿಗೂ 51 ವರ್ಷ, 6 ವರ್ಷದಿಂದ ಶುಗರ್ ಇದೆ, ಆರಾಮಾಗಿದ್ದಾರೆ. ಅವರಿಗೂ ‘ಹಾರ್ಟ್ ಪ್ಯಾಕೇಜ್’ ಮಾಡಿಸಬೇಕೆ? ಕಣ್ಣಿನ ಆಪರೇಷನ್ ಮುಂದೂಡಬೇಕೆ?

ಉತ್ತರ: ಮೊದಲು ಆ ಇಸಿಜಿ ಕಾಗದದ ವಿಚಾರ. ಸಾಮಾನ್ಯವಾಗಿ ಕಾಗದದ ಮೇಲ್ತುದಿಯಲ್ಲಿ ಅಚ್ಚಾಗಿ ಬರುವ ಇಂಥ ಸಾಲನ್ನು ಬರೆಯುವುದು ಯಂತ್ರ, ವೈದ್ಯರಲ್ಲ. ಹೃದಯದ ಕೆಳಗೋಡೆ, ಅಂದರೆ ವಪೆಯ ಮೇಲೆ ಕೂತಿರುವ ಭಾಗ, ಇಸಿಜಿಯ 2, 3 ಮತ್ತು ಎವಿಎಫ್ ಎಂಬ ಲೀಡ್‌ಗಳಲ್ಲಿ ಕಾಣುತ್ತದೆ. ಅಲ್ಲಿ ಕಾಗದದ ಒಂದು ಸಣ್ಣ ಚೌಕದಷ್ಟು, ಎಂದರೆ 0.04 ಸೆಕೆಂಡಿನಷ್ಟು ಅಗಲದ ಕ್ಯೂ ಅಲೆ ಇದ್ದರೆ ಯಂತ್ರ ‘ಹಳೆಯ ಹೃದಯಾಘಾತ’ ಎಂದು ಅಚ್ಚು ಹಾಕುತ್ತದೆ. ಮೂರರಲ್ಲೂ ಕ್ಯೂ ಇದ್ದರೆ ಅನುಮಾನ ಗಟ್ಟಿ. 3ನೇ ಲೀಡ್ ಒಂದರಲ್ಲೇ ಇದ್ದರೆ ಅದು ಆರೋಗ್ಯವಂತರಲ್ಲೂ ಕಾಣುವಂಥದ್ದು. ದೀರ್ಘವಾಗಿ ಉಸಿರೆಳೆದು ಹಿಡಿದಾಗ ಎಷ್ಟೋ ಸಲ ಮಾಯವಾಗುತ್ತದೆ. ಆದ್ದರಿಂದ ಇಸಿಜಿಯನ್ನು ಇನ್ನೊಮ್ಮೆ ಮಾಡಿಸಿ, ವೈದ್ಯರೇ ಕಣ್ಣಾರೆ ಓದಲಿ. ಹಳೆಯ ಇಸಿಜಿ ಮನೆಯಲ್ಲಿ ಎಲ್ಲಾದರೂ ಇದ್ದರೆ ಹುಡುಕಿ ಒಯ್ಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಸಿಗುವ ಮಾಹಿತಿ ಒಂದೇ ಕಾಗದದಿಂದ ಸಿಗುವುದಿಲ್ಲ.

ನಂತರದ್ದು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್. ಕೆಳಗೋಡೆಯ ಸ್ನಾಯು ಉಳಿದ ಭಾಗದ ಹಾಗೆ ಒಳಕ್ಕೆ ಎಳೆದುಕೊಳ್ಳುತ್ತದೆಯೇ, ಇಲ್ಲ ಸುಮ್ಮನೆ ನಿಂತಿದೆಯೇ ಎಂಬುದನ್ನು ಎಕೋ ತೋರಿಸುತ್ತದೆ. ಜೊತೆಗೆ ಪಂಪಿಂಗ್ ಶಕ್ತಿಯ ಲೆಕ್ಕ, ಇಎಫ್, ಸಿಗುತ್ತದೆ. ಅದು 55ರ ಮೇಲಿದ್ದರೆ ಸಹಜ, 40ಕ್ಕಿಂತ ಕೆಳಗಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ. ಗೋಡೆ ಚಲಿಸುತ್ತಿಲ್ಲ ಎಂದಾದರೆ ನಿಮಗೆ ಅಟ್ಯಾಕ್ ಆಗಿಹೋದದ್ದು ಬಹುಮಟ್ಟಿಗೆ ಖಚಿತ.

ನೋವೇ ಇಲ್ಲದೆ ಹೀಗಾಗುವುದುಂಟೆ? ಖಂಡಿತ ಉಂಟು. ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆ ಆಗಷ್ಟೇ ಪತ್ತೆಯಾಗಿದ್ದ ಜನರ ಇಸಿಜಿ ನೋಡಿದಾಗ ಸುಮಾರು ಆರು ಮಂದಿಯಲ್ಲಿ ಒಬ್ಬರಿಗೆ ಗೊತ್ತಿಲ್ಲದೇ ಆಗಿದ್ದ ಹೃದಯಾಘಾತದ ಗುರುತಿತ್ತು. ಇದಕ್ಕೆ ಮುಖ್ಯ ಕಾರಣ ನರಗಳು. ವರ್ಷಗಟ್ಟಲೆ ಏರಿದ ಸಕ್ಕರೆ ಉದ್ದನೆಯ ನರಗಳನ್ನು ಮೊದಲು ಹಾಳು ಮಾಡುತ್ತದೆ. ಪಾದದ ಜೋಮು ಅದರ ಹೊರಗುರುತು. ಒಳಗೆ ಮೊದಲು ಪೆಟ್ಟು ತಿನ್ನುವುದು ಮಿದುಳಿನಿಂದ ಎದೆ, ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ. ಹೃದಯದ ಓಟಕ್ಕೆ ಕಡಿವಾಣ ಹಾಕುವುದು ಇದೇ. ಕಡಿವಾಣ ಸಡಿಲವಾದರೆ ಸುಮ್ಮನೆ ಕೂತಾಗಲೂ ನಾಡಿ 90, 100ರ ಆಸುಪಾಸು ಓಡುತ್ತದೆ. ಮುಂದಿನ ಹಂತದಲ್ಲಿ, ರಕ್ತ ಸಾಲದ ಹೃದಯದ ನೋವನ್ನು ಬೆನ್ನುಹುರಿಗೆ ಮುಟ್ಟಿಸುವ ಸಿಂಪಥೆಟಿಕ್ ನರಗಳೂ ಕೆಡುತ್ತವೆ. ಹೃದಯಕ್ಕೆ ಪೆಟ್ಟು ಬಿದ್ದರೂ ಸುದ್ದಿ ಮಿದುಳಿಗೆ ಹೋಗುವುದಿಲ್ಲ. ನಿಮ್ಮ ಪಾದದ ಜೋಮು, 98ರ ನಾಡಿ, ನೋವಿಲ್ಲದ ಅಟ್ಯಾಕ್ ಈ ಮೂರೂ ಒಂದೇ ಬೇರಿನಿಂದ ಹುಟ್ಟಿರುವ ಸಾಧ್ಯತೆ ದೊಡ್ಡದು. ರಕ್ತಹೀನತೆ, ಥೈರಾಯ್ಡ್ ಏರಿಕೆಯಿಂದಲೂ ನಾಡಿ ಓಡುವುದುಂಟು, ಹಾಗಾಗಿ ಹಿಮೋಗ್ಲೋಬಿನ್ ಮತ್ತು ಟಿಎಸ್‌ಎಚ್ ಒಮ್ಮೆ ನೋಡಿಸಿ.

ನರ ಎಷ್ಟು ಕೆಟ್ಟಿದೆ ಎಂದು ತಿಳಿಯಲು ಎರಡು ಸರಳ ಪರೀಕ್ಷೆಗಳಿವೆ. ಒಂದನ್ನು ಇಸಿಜಿ ಇರುವ ಯಾವ ಕ್ಲಿನಿಕ್‌ನಲ್ಲೂ ಮಾಡಬಹುದು: ಮಲಗಿಕೊಂಡು ನಿಮಿಷಕ್ಕೆ 6 ಸಲದಂತೆ, 5 ಸೆಕೆಂಡು ಒಳಗೆ, 5 ಸೆಕೆಂಡು ಹೊರಗೆ, ಆಳವಾಗಿ ಉಸಿರಾಡಬೇಕು. ಉಸಿರು ಎಳೆದಾಗಿನ ಮತ್ತು ಬಿಟ್ಟಾಗಿನ ಹೃದಯ ಬಡಿತಗಳ ಅಂತರ ನಿಮಿಷಕ್ಕೆ 15ಕ್ಕಿಂತ ಹೆಚ್ಚಿದ್ದರೆ ನರ ಚೆನ್ನಾಗಿದೆ, 10ಕ್ಕಿಂತ ಕಡಿಮೆಯಾದರೆ ಕೆಟ್ಟಿದೆ. ವಯಸ್ಸಾದಂತೆ ಈ ಅಂತರ ತಾನಾಗಿ ತುಸು ಇಳಿಯುತ್ತದೆ, ಅದನ್ನು ವೈದ್ಯರು ಲೆಕ್ಕಕ್ಕೆ ಹಿಡಿಯುತ್ತಾರೆ. ಇನ್ನೊಂದನ್ನು ಮನೆಯಲ್ಲೇ ಮಾಡಿಕೊಳ್ಳಿ. 5 ನಿಮಿಷ ಮಲಗಿ ಬಿಪಿ ನೋಡಿ, ಎದ್ದು ನಿಂತು 1ನೇ ಮತ್ತು 3ನೇ ನಿಮಿಷದಲ್ಲಿ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ. ಬಿಪಿ ಮಾತ್ರೆ ಹೆಚ್ಚಿಸುವ ಮುಂಚೆ ಅವರಿಗೆ ಇದು ಗೊತ್ತಿರಲೇಬೇಕು, ಇಲ್ಲದಿದ್ದರೆ ರಾತ್ರಿ ಬಚ್ಚಲಿಗೆಂದು ಎದ್ದಾಗ ತಲೆ ತಿರುಗಿ ಬೀಳುತ್ತೀರಿ.

ಈಗ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಸಾಲು. ‘ಬೇರೆ ಏನೂ ತೊಂದರೆ ಇಲ್ಲ’ ಎಂದು ಬರೆದು, ಅದರ ಬೆನ್ನಿಗೇ ಮೆಟ್ಟಿಲು ಹತ್ತಿದರೆ ಏದುಸಿರು ಎಂದಿದ್ದೀರಿ. ಸಕ್ಕರೆ ಕಾಯಿಲೆಯವರಲ್ಲಿ ಆ ಏದುಸಿರೇ ಎದೆನೋವಿನ ಜಾಗದಲ್ಲಿ ನಿಂತಿರಬಹುದು. ರಕ್ತ ಸಾಲದಾದಾಗ ಹೃದಯದ ಸ್ನಾಯು ಬಿಗಿಯಾಗುತ್ತದೆ, ಒಳಗಿನ ಒತ್ತಡ ಹಿಂದಕ್ಕೆ ಶ್ವಾಸಕೋಶದ ಮೇಲೆ ಬೀಳುತ್ತದೆ, ಉಸಿರು ಮೇಲೆ ಬರುತ್ತದೆ. ಹಾಗಾಗಿ ನಿಮ್ಮನ್ನು ಲಕ್ಷಣವಿಲ್ಲದ ರೋಗಿ ಎಂದು ಎಣಿಸಲಾಗದು. ಇದೇ ಗುಂಪಿಗೆ ಸೇರುವ ಬೇರೆ ಗುರುತುಗಳೂ ಇವೆ: ನಡೆಯುವಾಗ ಮಾತ್ರ ಬರುವ ದವಡೆ, ಕುತ್ತಿಗೆ, ಭುಜದ ಬಿಗಿತ, ಊಟವಾದ ಮೇಲೆ ನಡೆದರೆ ಹೊಟ್ಟೆಯ ಮೇಲ್ಭಾಗದಲ್ಲಿ ಒತ್ತಿದಂತಾಗಿ, ನಿಂತರೆ ಕಡಿಮೆಯಾಗುವುದು, ಕಾರಣವಿಲ್ಲದ ಸುಸ್ತು, ಔಷಧ, ಊಟ ಏನೂ ಬದಲಾಗದೆ ಸಕ್ಕರೆ ಒಮ್ಮೆಲೇ 300 ದಾಟುವುದು. ನಮ್ಮಲ್ಲಿ ಹೊಟ್ಟೆಯ ಮೇಲ್ಭಾಗದ ಸಂಕಟಕ್ಕೆಲ್ಲ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು. ಸೋಡಾ ಕುಡಿದು, ಪ್ಯಾಂಟೊಪ್ರಜೋಲ್ ನುಂಗಿ ಎರಡು ದಿನ ಕಳೆದು ಬಂದವರ ಇಸಿಜಿಯಲ್ಲಿ ಅಟ್ಯಾಕ್ ಕಾಣುವುದು ಅಪರೂಪವಲ್ಲ. ನಡೆದರೆ ಬಂದು ನಿಂತರೆ ಹೋಗುವ ಯಾವ ತೊಂದರೆಯನ್ನೂ ಗ್ಯಾಸ್ಟ್ರಿಕ್ ಎನ್ನಬೇಡಿ. ಗಂಡಸರು ಹೇಳಲು ನಾಚುವ ಇನ್ನೊಂದು ಗುರುತು ನಿಮಿರು ದೌರ್ಬಲ್ಯ. ಆ ಭಾಗದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು, ಹಾಗಾಗಿ ಕೆಲವು ವರ್ಷ ಮುಂಚೆಯೇ ಕಟ್ಟಿಕೊಳ್ಳುತ್ತವೆ. ಇದ್ದರೆ ವೈದ್ಯರಿಗೆ ಹೇಳಿ. ಅದಕ್ಕೆ ಮಾತ್ರೆ ನುಂಗುತ್ತಿದ್ದರಂತೂ ಹೇಳಲೇಬೇಕು, ಕಾರಣ ಮುಂದೆ ಬರುತ್ತದೆ.

ತಣ್ಣನೆ ಬೆವರಿನ ವಿಷಯವನ್ನು ನೀವೂ ಮನೆಯವರೂ ಸರಿಯಾಗಿ ತಿಳಿದಿರಬೇಕು. ನೀವು ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಿರುವುದರಿಂದ ಸಕ್ಕರೆ ಇಳಿದಾಗಲೂ ಬೆವರು ಬರುತ್ತದೆ, ಅಟ್ಯಾಕ್ ಆದಾಗಲೂ ಬರುತ್ತದೆ. ಬೇರ್ಪಡಿಸಲು ಗ್ಲುಕೋಮೀಟರ್ ಬೇಕು. ಬೆವರಿ ಸಂಕಟವಾದ ತಕ್ಷಣ ಕೂತು ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಸಕ್ಕರೆ ಸರಿಯಾದ ಮೇಲೂ ಸಂಕಟ ಹೋಗದಿದ್ದರೆ, ಅಥವಾ ಮೊದಲೇ ಮೀಟರ್ 180, 240 ಎಂದು ತೋರಿಸುತ್ತಿದ್ದು ಮೈ ತಣ್ಣಗೆ ಬೆವರುತ್ತಿದ್ದರೆ, ಅದನ್ನು ಹೃದಯದ್ದೆಂದೇ ತಿಳಿದು 108ಕ್ಕೆ ಫೋನ್ ಮಾಡಿ. ಆಸ್ಪಿರಿನ್ ಅಲರ್ಜಿ, ಹೊಟ್ಟೆಹುಣ್ಣಿನ ರಕ್ತಸ್ರಾವ ಇಲ್ಲದವರು 300 ಮಿಲಿಗ್ರಾಂ ಆಸ್ಪಿರಿನ್, ಅಂದರೆ 75ರ ನಾಲ್ಕು ಮಾತ್ರೆ, ಅಗಿದು ನುಂಗಬೇಕು. ಹಾಗೇ ನುಂಗಿದರೆ ಮಾತ್ರೆಯ ಮೇಲಿನ ಲೇಪ ಕರಗುವಷ್ಟರಲ್ಲಿ ಹೊತ್ತು ಹೋಗುತ್ತದೆ. ನಾಲಿಗೆಯಡಿ ಇಡುವ, ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆಯನ್ನು ವೈದ್ಯರು ಹೇಳದೆ ಇಡಬೇಡಿ. ಕೆಳಗೋಡೆಯ ಅಟ್ಯಾಕ್‌ನಲ್ಲಿ ಬಲಭಾಗದ ಹೃದಯವೂ ಸೇರಿದ್ದರೆ, ಅಥವಾ ಹಿಂದಿನ ದಿನ ನಿಮಿರು ದೌರ್ಬಲ್ಯಕ್ಕೆ ಸಿಲ್ಡೆನಾಫಿಲ್ ಮಾತ್ರೆ ತೆಗೆದುಕೊಂಡಿದ್ದರೆ, ಬಿಪಿ ಪಾತಾಳಕ್ಕಿಳಿಯುತ್ತದೆ. ಟಡಾಲಾಫಿಲ್ ಆದರೆ ಎರಡು ದಿನದವರೆಗೂ ಈ ಅಪಾಯ ಉಂಟು.

ಬೈಕ್ ಮೇಲೆ ಹೋಗಬೇಡಿ. ಆಸ್ಪತ್ರೆಯ ಬಾಗಿಲಲ್ಲೇ ‘ಶುಗರ್ ಇದೆ, ಎದೆನೋವಿಲ್ಲ, ಆದರೆ ಇಸಿಜಿ ಬೇಕು’ ಎಂದು ಸ್ಪಷ್ಟವಾಗಿ ಹೇಳಿ. ನೋವಿಲ್ಲದವರು ಸರತಿಯಲ್ಲಿ ಹಿಂದೆ ಉಳಿದುಬಿಡುತ್ತಾರೆ. ಮೊದಲ ಇಸಿಜಿ ಸರಿಯಿದ್ದರೂ ಮನೆಗೆ ಹೊರಡಬೇಡಿ. ಸಂಕಟ ಇರುವವರೆಗೆ 15ರಿಂದ 30 ನಿಮಿಷಕ್ಕೊಮ್ಮೆ ಇಸಿಜಿ ಮತ್ತೆ ಆಗಬೇಕು. ಟ್ರೋಪೋನಿನ್ ರಕ್ತಪರೀಕ್ಷೆಯನ್ನೂ ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ ಮಾಡಬೇಕು. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನಿಮಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದೆಂದು ಇವತ್ತೇ ತಿಳಿದುಕೊಂಡಿರಿ.

ಎಕೋ ನಂತರ ನಿಮಗೆ ಬೇಕಾದದ್ದು ಹೃದಯಕ್ಕೆ ಕೆಲಸ ಕೊಟ್ಟು ನೋಡುವ ಪರೀಕ್ಷೆ. ಸಾಮಾನ್ಯವಾಗಿ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ಇಸಿಜಿ ನೋಡುವ ಪರೀಕ್ಷೆ, ಬರೆದುಕೊಡುತ್ತಾರೆ. ಅದರಲ್ಲಿ ನಿಮ್ಮಂಥವರಿಗೆ ಒಂದು ತೊಡಕಿದೆ. ಪರೀಕ್ಷೆ ಪೂರ್ತಿಯಾಗಲು ಹೃದಯ ಬಡಿತ 220ರಿಂದ ವಯಸ್ಸು ಕಳೆದು ಉಳಿದದ್ದರ ಶೇ 85 ಮುಟ್ಟಬೇಕು. ನಿಮಗೆ 163ರ ಶೇ 85, ಸುಮಾರು 139. ನರ ಕೆಟ್ಟವರಲ್ಲಿ ಬಡಿತ ಬೇಕಾದಷ್ಟು ಏರುವುದೇ ಇಲ್ಲ, ಕಾಲು ಸೋತು 118ಕ್ಕೇ ಇಳಿದುಬಿಡುತ್ತಾರೆ. ರಿಪೋರ್ಟಿನಲ್ಲಿ ಮಾತ್ರ ‘ನೆಗೆಟಿವ್’ ಎಂದು ಬಂದಿರುತ್ತದೆ. ಅದು ನೆಗೆಟಿವ್ ಅಲ್ಲ, ಅರ್ಧಕ್ಕೆ ನಿಂತ ಪರೀಕ್ಷೆ. ಕಾಗದದಲ್ಲಿ ಗರಿಷ್ಠ ಬಡಿತ ಎಷ್ಟಿತ್ತೆಂದು ನೀವೇ ನೋಡಿ. ಹಾಗಾದರೆ, ಅಥವಾ ಪಾದದಲ್ಲಿ ಗಾಯ ಇದ್ದರೆ, ಡೊಬುಟಮಿನ್ ಔಷಧ ಕೊಟ್ಟು ಮಾಡುವ ಸ್ಟ್ರೆಸ್ ಎಕೋ ಇಲ್ಲವೇ ನ್ಯೂಕ್ಲಿಯರ್ ಸ್ಕ್ಯಾನ್ ಕೇಳಿ. ಸಿಟಿ ಸ್ಕ್ಯಾನ್‌ನಲ್ಲಿ ಹೃದಯದ ನಾಳ ನೋಡುವ ಸಿಟಿ ಆಂಜಿಯೋ ಸುಲಭವೆನಿಸಬಹುದು, ಆದರೆ 14 ವರ್ಷದ ಸಕ್ಕರೆಯಲ್ಲಿ ನಾಳದ ಗೋಡೆಗೆ ಸುಣ್ಣದಂಶ ಕಟ್ಟಿರುವುದು ಹೆಚ್ಚು, ಚಿತ್ರದಲ್ಲಿ ಆ ಸುಣ್ಣದ ಬಿಳಿ ಹೊಳಪಿನಿಂದಾಗಿ ಒಳಗಿನ ಕಿರಿದಾಗಿರುವಿಕೆ ಸರಿಯಾಗಿ ಕಾಣದೆ ಹೋಗುತ್ತದೆ. ಈ ಪರೀಕ್ಷೆಗಳು ಮುಗಿಯುವವರೆಗೆ ಅಂಗಡಿಯಲ್ಲಿ ಅಕ್ಕಿ ಮೂಟೆ ಎತ್ತುವುದನ್ನು ಬೇರೆಯವರಿಗೆ ಬಿಡಿ.

ಭಾವನವರು ಹೇಳುವ ಆಂಜಿಯೋಗ್ರಾಂ ಯಾವಾಗ? ಪಂಪಿಂಗ್ ಇಳಿದಿದ್ದರೆ, ಸ್ಟ್ರೆಸ್ ಪರೀಕ್ಷೆಯಲ್ಲಿ ಹೃದಯದ ದೊಡ್ಡ ಭಾಗಕ್ಕೆ ರಕ್ತ ಸಾಲುತ್ತಿಲ್ಲ ಎಂದು ಕಂಡರೆ, ಔಷಧ ಕೊಟ್ಟ ಮೇಲೂ ಏದುಸಿರು ಹೋಗದಿದ್ದರೆ, ಅಥವಾ ಇತ್ತೀಚೆಗೆ ಹೆಚ್ಚುತ್ತಿದ್ದರೆ ಆಗ ಬೇಕು. ಹೃದಯ ಸ್ಥಿರವಾಗಿರುವ ಸಕ್ಕರೆ ಕಾಯಿಲೆಯವರಿಗೆ ತಕ್ಷಣ ಸ್ಟೆಂಟ್ ಅಥವಾ ಬೈಪಾಸ್ ಮಾಡಿದರೆ ಸಾವು ಕಡಿಮೆಯಾಗುತ್ತದೆಯೇ ಎಂದು 2,368 ಮಂದಿಯಲ್ಲಿ ನೋಡಿದ ಬ್ಯಾರಿ 2ಡಿ ಅಧ್ಯಯನದ ಫಲಿತಾಂಶ 2009ರಲ್ಲಿ ಬಂತು: ಒಳ್ಳೆಯ ಔಷಧ ಚಿಕಿತ್ಸೆ ಪಡೆದವರಿಗೂ ಅವರಿಗೂ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ವಿಚಾರ. ಸಕ್ಕರೆ ಕಾಯಿಲೆಯಲ್ಲಿ ನಾಳ ಒಂದೇ ಕಡೆ ಕಟ್ಟಿಕೊಳ್ಳುವುದು ಕಡಿಮೆ, ಹೂಳು ತುಂಬಿದ ಕಾಲುವೆಯ ಹಾಗೆ ಉದ್ದಕ್ಕೂ ಕಿರಿದಾಗಿರುತ್ತದೆ. ಹಲವು ನಾಳಗಳಲ್ಲಿ ಬ್ಲಾಕ್ ಇರುವ 1,900 ಸಕ್ಕರೆ ರೋಗಿಗಳ ಫ್ರೀಡಂ ಅಧ್ಯಯನದಲ್ಲಿ (2012), ಐದು ವರ್ಷದಲ್ಲಿ ಸಾವು, ಅಟ್ಯಾಕ್ ಅಥವಾ ಪಾರ್ಶ್ವವಾಯು ಆದವರು ಬೈಪಾಸ್ ಗುಂಪಿನಲ್ಲಿ ಶೇ 18.7, ಸ್ಟೆಂಟ್ ಗುಂಪಿನಲ್ಲಿ ಶೇ 26.6. ಹಾಗಾಗಿ ಆಂಜಿಯೋಗ್ರಾಂ ಮೇಜಿನ ಮೇಲೆ ಮಲಗಿದ್ದಾಗಲೇ ‘ಮೂರು ನಾಳದಲ್ಲಿ ಬ್ಲಾಕ್ ಇದೆ, ಈಗಲೇ ಸ್ಟೆಂಟ್ ಹಾಕೋಣ’ ಎಂದು ಮನೆಯವರ ಸಹಿ ಕೇಳಿದರೆ, ತುರ್ತು ಅಟ್ಯಾಕ್ ಅಲ್ಲದಿದ್ದ ಪಕ್ಷದಲ್ಲಿ, ಸಿ.ಡಿ. ಪಡೆದು ಹೃದಯ ಶಸ್ತ್ರಚಿಕಿತ್ಸಕರ ಅಭಿಪ್ರಾಯ ಕೇಳಿ ಬರುತ್ತೇವೆ ಎನ್ನಿ. ಹೀಗೆ ಕೇಳುವುದು ನಿಮ್ಮ ಹಕ್ಕು. ಆಂಜಿಯೋಗ್ರಾಂಗೆ ಮುಂಚೆ ಮೂತ್ರಪಿಂಡದ ಕೆಲಸ ಅಳೆಯುವ ಕ್ರಿಯಾಟಿನಿನ್, ಇಜಿಎಫ್‌ಆರ್ ನೋಡಿಸಿ. ಇಜಿಎಫ್‌ಆರ್ 60ಕ್ಕಿಂತ ಕಡಿಮೆಯಿದ್ದರೆ ಆ ದಿನ ಮೆಟ್‌ಫಾರ್ಮಿನ್ ನಿಲ್ಲಿಸಿ, 48 ಗಂಟೆಯ ನಂತರ ಮೂತ್ರಪಿಂಡ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಮತ್ತೆ ಶುರು ಮಾಡುತ್ತಾರೆ.

ನಿಮ್ಮ ಜೀವ ಉಳಿಸುವ ಕೆಲಸದ ಬಹುಪಾಲು ನಡೆಯುವುದು ಮಾತ್ರೆ ಚೀಟಿಯಲ್ಲಿ, ಮತ್ತು ಆ ಚೀಟಿಯಲ್ಲಿ ದೊಡ್ಡ ಕೊರತೆ ಕಾಣುತ್ತಿದೆ: ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಇಲ್ಲ. ಎಲ್‌ಡಿಎಲ್ 118 ಎಂಬುದಕ್ಕೆ ಲ್ಯಾಬ್ ಕಾಗದದಲ್ಲಿ ‘ಬಹುತೇಕ ಸರಿ’ ಎಂದಿರುತ್ತದೆ. ಅದು ಸಕ್ಕರೆ ಕಾಯಿಲೆ ಇಲ್ಲದವರ ಅಳತೆ. ಅಟ್ಯಾಕ್ ಆಗಿರುವ ಸಕ್ಕರೆ ಕಾಯಿಲೆಯವರಿಗೆ 55ಕ್ಕಿಂತ ಕೆಳಗಿರಬೇಕು. ಅಟೊರ್ವಾಸ್ಟಾಟಿನ್ 40ರಿಂದ 80, ಅಥವಾ ರೊಸುವಾಸ್ಟಾಟಿನ್ 20 ಮಿಲಿಗ್ರಾಂ ಎಲ್‌ಡಿಎಲ್ ಅನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ಅಂದರೆ 60ರ ಹತ್ತಿರ. ಜೊತೆಗೆ ಎಜೆಟಿಮೈಬ್ 10 ಸೇರಿಸಿದರೆ ಇನ್ನೊಂದು ಶೇ 20ರಷ್ಟು ಇಳಿದು ಗುರಿ ಮುಟ್ಟುತ್ತೀರಿ. 4ರಿಂದ 12 ವಾರದೊಳಗೆ ಮತ್ತೆ ರಕ್ತಪರೀಕ್ಷೆ ಮಾಡಿಸಬೇಕು. ಸ್ಟ್ಯಾಟಿನ್‌ನಿಂದ ಸಕ್ಕರೆ ಕೂದಲೆಳೆಯಷ್ಟು ಏರಬಹುದು, ಅದಕ್ಕೆ ಹೆದರಿ ಬಿಡುವುದು ದೊಡ್ಡ ನಷ್ಟ. ತೊಡೆ, ತೋಳುಗಳಲ್ಲಿ ತಡೆಯಲಾರದ ನೋವು ಬಂದರೆ ಹೇಳಿ, ಪ್ರಮಾಣ ಇಳಿಸಬಹುದು, ಮಾತ್ರೆ ಬದಲಿಸಬಹುದು.

ಎರಡನೆಯದು ಎಸ್‌ಜಿಎಲ್‌ಟಿ2 ಗುಂಪಿನ ಮಾತ್ರೆ: ಎಂಪಾಗ್ಲಿಫ್ಲೋಜಿನ್ ಅಥವಾ ಡಪಾಗ್ಲಿಫ್ಲೋಜಿನ್, ದಿನಕ್ಕೆ 10 ಮಿಲಿಗ್ರಾಂ. ಹೃದ್ರೋಗವೂ ಇದ್ದ ಸಕ್ಕರೆ ರೋಗಿಗಳಲ್ಲಿ ಎಂಪಾಗ್ಲಿಫ್ಲೋಜಿನ್ ಹೃದಯ ಸಂಬಂಧಿ ಸಾವನ್ನು ಶೇ 38ರಷ್ಟು ಇಳಿಸಿತೆಂದು 2015ರ ಎಂಪಾ-ರೆಗ್ ಅಧ್ಯಯನ ತೋರಿಸಿತು. ಎರಡರ ಪೇಟೆಂಟೂ ಭಾರತದಲ್ಲಿ ಮುಗಿದಿರುವುದರಿಂದ ಈಗ ಜೇಬಿಗೆ ಎಟುಕುತ್ತವೆ. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಗುಪ್ತಾಂಗದಲ್ಲಿ ಬೂಷ್ಟಿನ ಸೋಂಕು ಬರಬಹುದು, ಪ್ರತಿ ಸಲ ನೀರಿನಿಂದ ತೊಳೆದು ಒರೆಸಿಕೊಳ್ಳಿ. ವಾಂತಿ ಭೇದಿ, ಉಪವಾಸದ ದಿನ ನಿಲ್ಲಿಸಿ. ಹೊಟ್ಟೆ ಖಾಲಿ ಇರಬೇಕಾದ ದೊಡ್ಡ ಆಪರೇಷನ್‌ಗೆ 3 ದಿನ ಮುಂಚೆಯೇ ನಿಲ್ಲಿಸಬೇಕು, ಇಲ್ಲದಿದ್ದರೆ ಸಕ್ಕರೆ ಅಷ್ಟೇನೂ ಏರದೆ ರಕ್ತ ಆಮ್ಲೀಯವಾಗುವ ಕೀಟೋ ಅಸಿಡೋಸಿಸ್ ಬರುವ ಅಪಾಯವಿದೆ. ಇದನ್ನು ಸೇರಿಸುವಾಗ ಗ್ಲಿಮೆಪಿರೈಡ್ ಅರ್ಧ ಮಾಡಬೇಕೇ ಎಂದು ಕೇಳಿ. ಎಕೋದಲ್ಲಿ ಪಂಪಿಂಗ್ ಕಡಿಮೆ ಎಂದು ಬಂದರೆ ಪಯೊಗ್ಲಿಟಜೋನ್ ನಿಮಗೆ ಬೇಡ, ನೀರು ತುಂಬಿಸುತ್ತದೆ.

ಎಚ್‌ಬಿಎ1ಸಿಯನ್ನು 7ರ ಹತ್ತಿರಕ್ಕೆ ತನ್ನಿ, ಆದರೆ ಅವಸರ ಬೇಡ. 6ಕ್ಕಿಂತ ಕೆಳಗೆ ಇಳಿಸಲು ಹೊರಟ ಅಕಾರ್ಡ್ ಅಧ್ಯಯನದ ತೀವ್ರ ಚಿಕಿತ್ಸೆಯ ಭಾಗವನ್ನು, ಸಾವು ಹೆಚ್ಚಾದ ಕಾರಣ 2008ರಲ್ಲಿ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಬಿಪಿ 130/80ರ ಕೆಳಗಿರಲಿ; ನಿಂತಾಗಿನ ಬಿಪಿ ಬೀಳುತ್ತಿಲ್ಲವಾದರೆ ಟೆಲ್ಮಿಸಾರ್ಟಾನ್ 80ಕ್ಕೆ ಏರಿಸಿ, ಕೆಲವು ವಾರಗಳಲ್ಲಿ ಪೊಟ್ಯಾಶಿಯಂ, ಕ್ರಿಯಾಟಿನಿನ್ ನೋಡುತ್ತಾರೆ. ಅಟ್ಯಾಕ್ ಖಚಿತವಾದರೆ ಆಸ್ಪಿರಿನ್ 75 ದಿನಾ ಬೇಕು. ನಡಿಗೆಯನ್ನು ಸಮನೆಲದಲ್ಲಿ 10 ನಿಮಿಷದಿಂದ ಶುರುಮಾಡಿ ವಾರಕ್ಕೆ 150 ನಿಮಿಷಕ್ಕೆ ಒಯ್ಯಿರಿ. ನಾಡಿ ಎಣಿಸಿ ವೇಗ ನಿರ್ಧರಿಸಬೇಡಿ, ನಿಮ್ಮ ನಾಡಿ ಸರಿಯಾದ ಲೆಕ್ಕ ಕೊಡುವುದಿಲ್ಲ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ವೇಗ ಸಾಕು. ಬೀಡಿ, ಗುಟ್ಕಾ ಇದ್ದರೆ ಇವತ್ತೇ ಬಿಡಬೇಕು.

ಮಗನ ಕಾಳಜಿ ದೊಡ್ಡದು, ಆದರೆ ಕಷಾಯದಿಂದ ಬ್ಲಾಕ್ ಕರಗುವುದಿಲ್ಲ. ನಾಳದ ಗೋಡೆಯ ಒಳಗೆ ಕೂತ ಕೊಬ್ಬು, ಸುಣ್ಣ, ನಾರು ಹೊಟ್ಟೆಗೆ ಹೋದ ನಿಂಬೆ ರಸಕ್ಕೆ ಸಿಗುವಂಥದ್ದಲ್ಲ. ಅದಕ್ಕೆ ಸಮಪಾಲು ಜೇನು ಸೇರಿಸಿ ಕುಡಿಯುವ ರೂಢಿ ಇದೆ, ಅದು ನಿಮ್ಮ ಸಕ್ಕರೆಯನ್ನೇ ಏರಿಸುತ್ತದೆ. ಬೆಳ್ಳುಳ್ಳಿ ಸಾರಿನಲ್ಲಿ ಇರಲಿ, ಮಾತ್ರೆಯ ಬದಲಿಗೆ ಬೇಡ.

ನಿಮ್ಮ ಮನೆಯವರ ಲೆಕ್ಕ ಬೇರೆ. ಅವರಿಗೆ ಯಾವ ತೊಂದರೆಯೂ ಇಲ್ಲ ಎಂದಿದ್ದೀರಿ. ನೀವು ಏದುಸಿರನ್ನು ತೊಂದರೆಯೆಂದು ಎಣಿಸಿರಲಿಲ್ಲವಲ್ಲ, ಹಾಗೆಯೇ ಅವರನ್ನೂ ಕೂರಿಸಿಕೊಂಡು ಕೇಳಿ: ಹೋದ ವರ್ಷ ಒಂದೇ ಉಸಿರಿಗೆ ಮಾಡುತ್ತಿದ್ದ ಯಾವ ಕೆಲಸಕ್ಕೆ ಈಗ ಮಧ್ಯೆ ಕೂರಬೇಕಾಗುತ್ತದೆ? ಉತ್ತರ ‘ಯಾವುದಕ್ಕೂ ಇಲ್ಲ’ ಎಂದಾದರೆ ದುಬಾರಿ ಪ್ಯಾಕೇಜ್ ಬೇಡ. ಲಕ್ಷಣವಿಲ್ಲದ 1,123 ಸಕ್ಕರೆ ರೋಗಿಗಳನ್ನು ಅಮೆರಿಕ, ಕೆನಡಾದಲ್ಲಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ನ್ಯೂಕ್ಲಿಯರ್ ಸ್ಕ್ಯಾನ್ ಮಾಡಿದರು. ಸ್ಕ್ಯಾನ್ ಆದವರಲ್ಲಿ ಶೇ 22 ಮಂದಿಗೆ ಏನಾದರೊಂದು ದೋಷ ಕಂಡಿತು. ಆದರೂ ಸುಮಾರು ಐದು ವರ್ಷದ ನಂತರ ಅಟ್ಯಾಕ್, ಹೃದಯದ ಸಾವು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು, ಮತ್ತು ಎರಡರಲ್ಲೂ ಕಡಿಮೆಯೇ ಇತ್ತು. 2009ರಲ್ಲಿ ಪ್ರಕಟವಾದ ಈ ಡಯಾಡ್ ಅಧ್ಯಯನದಿಂದ ನಾವು ತಿಳಿಯಬೇಕಾದದ್ದು, ಸ್ಟ್ಯಾಟಿನ್, ಬಿಪಿ ಔಷಧ ಸರಿಯಾಗಿ ಕೊಟ್ಟರೆ ಆರಾಮಾಗಿರುವವರಲ್ಲಿ ಬ್ಲಾಕ್ ಹುಡುಕಿಕೊಂಡು ಹೋಗುವುದರಿಂದ ಹೆಚ್ಚುವರಿ ಲಾಭವಿಲ್ಲ ಎಂಬುದು. ಅವರಿಗೆ ಒಂದು ಇಸಿಜಿ, ವರ್ಷಕ್ಕೊಮ್ಮೆ ಲಿಪಿಡ್, ಇಜಿಎಫ್‌ಆರ್, ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ಪಾದ ಮತ್ತು ಕಣ್ಣಿನ ತಪಾಸಣೆ ಸಾಕು. ಆ ಅನುಪಾತ 30 ದಾಟಿದರೆ ಹೃದಯದ ಅಪಾಯವೂ ಏರಿದೆ ಎಂದೇ ಅರ್ಥ. ಅನುಕೂಲವಿದ್ದರೆ ಹೃದಯದ ಮೇಲಿನ ಒತ್ತಡವನ್ನು ಸೂಚಿಸುವ ಎನ್‌ಟಿ-ಪ್ರೊಬಿಎನ್‌ಪಿ ರಕ್ತಪರೀಕ್ಷೆ ಮಾಡಿಸಿ, 125ಕ್ಕಿಂತ ಹೆಚ್ಚಿದ್ದರೆ ಎಕೋ ಬೇಕು. ಕೊಲೆಸ್ಟರಾಲ್ ಎಷ್ಟೇ ಇರಲಿ, 40 ದಾಟಿದ ಸಕ್ಕರೆ ಕಾಯಿಲೆಯವರಾದ್ದರಿಂದ ಸ್ಟ್ಯಾಟಿನ್, ಅಟೊರ್ವಾಸ್ಟಾಟಿನ್ 10ರಿಂದ 20, ಅವರಿಗೂ ಬೇಕು. ಆಸ್ಪಿರಿನ್ ಮಾತ್ರ ಬೇಡ. ನಿಮ್ಮ ಡಬ್ಬಿಯಿಂದ ಅವರಿಗೊಂದು ಕೊಡಬೇಡಿ. ಹೃದ್ರೋಗವಿಲ್ಲದ ಸಕ್ಕರೆ ರೋಗಿಗಳಲ್ಲಿ ಆಸ್ಪಿರಿನ್‌ನಿಂದ ಹೃದಯ, ರಕ್ತನಾಳದ ಅನಾಹುತ ಶೇ 12 ಇಳಿದರೆ ದೊಡ್ಡ ರಕ್ತಸ್ರಾವ ಶೇ 29 ಏರಿತೆಂದು 2018ರ ಅಸೆಂಡ್ ಅಧ್ಯಯನ ತೋರಿಸಿದೆ.

ಕಣ್ಣಿನ ಪೊರೆಯ ಆಪರೇಷನ್ ಹೃದಯಕ್ಕೆ ತೀರಾ ಕಡಿಮೆ ಭಾರದ್ದು, ಕಣ್ಣಿಗಷ್ಟೇ ಅರಿವಳಿಕೆ ಕೊಟ್ಟು ಮುಗಿಸುತ್ತಾರೆ. ಮೊದಲು ಎಕೋ ಆಗಲಿ. ಅಟ್ಯಾಕ್ ಇತ್ತೀಚಿನದಲ್ಲ, ಪಂಪಿಂಗ್ ಪರವಾಗಿಲ್ಲ, ಮಲಗಿದರೆ ಉಸಿರು ಕಟ್ಟುವುದಿಲ್ಲ ಎಂದು ಹೃದಯದ ವೈದ್ಯರು ಬರೆದುಕೊಟ್ಟರೆ ತಿಂಗಳುಗಟ್ಟಲೆ ಮುಂದೂಡಬೇಕಿಲ್ಲ. ಆಸ್ಪಿರಿನ್ ಶುರುವಾಗಿದ್ದರೆ ಇದಕ್ಕಾಗಿ ನೀವಾಗಿ ನಿಲ್ಲಿಸಬೇಡಿ. ಕಣ್ಣಿನ ವೈದ್ಯರಿಗೆ ಇಸಿಜಿ ವಿಷಯ ಮತ್ತು ನಿಂತಾಗಿನ ಬಿಪಿಯ ಅಂಕಿ ಎರಡನ್ನೂ ಹೇಳಿ. ಪಾಪೆ ಅಗಲಿಸಲು ಹಾಕುವ ಫಿನೈಲೆಫ್ರಿನ್ ಹನಿ ಬಿಪಿ ಏರಿಸಬಲ್ಲದು, ಗೊತ್ತಿದ್ದರೆ ಅವರು ಕಡಿಮೆ ಶಕ್ತಿಯದನ್ನು ಬಳಸುತ್ತಾರೆ, ಇಲ್ಲವೇ ಬೇರೆ ಹನಿ ಹಾಕುತ್ತಾರೆ. ಆಪರೇಷನ್ ಮೇಜಿನಿಂದ ಏಳುವಾಗ ಎರಡು ನಿಮಿಷ ಕಾಲು ಇಳಿಬಿಟ್ಟು ಕೂತು, ಆಮೇಲೆ ನಿಲ್ಲಿ.